ಪೀಟರ್, ಮೊಲ ಮತ್ತು ಓರಗೆಯ ಮಕ್ಕಳು: ಬಾಲ್ಯದ ಭಯದ ಒಂದು ಪ್ರಕರಣ ಅಧ್ಯಯನ

ಮಗುವಿಗೆ ಆಗ 2 ವರ್ಷ 10 ತಿಂಗಳು. ಆಟದ ಕೋಣೆಯಲ್ಲಿ, ಸುತ್ತ ಕಟಕಟೆಯಿರುವ ಮಕ್ಕಳ ಮಂಚದೊಳಗೆ ಕೂರಿಸಿದ ಕೂಡಲೇ ಅವನು ತನ್ನ ಆಟಿಕೆಗಳಲ್ಲಿ ಮುಳುಗಿಹೋದ. ಪರದೆಯ ಮರೆಯಲ್ಲಿ ನಿಂತವರು ಹಿಂದಿನಿಂದ ಒಂದು ಬಿಳಿ ಇಲಿಯನ್ನು ಮಂಚದೊಳಕ್ಕೆ ಬಿಟ್ಟರು. ಅದನ್ನು ಕಂಡದ್ದೇ ತಡ, ಹುಡುಗ ಕಿಟಾರನೆ ಚೀರಿ ಅಂಗಾತ ಬಿದ್ದುಬಿಟ್ಟ. ಇಲಿಯನ್ನು ತೆಗೆದು, ಅವನನ್ನು ಎತ್ತಿ ಒಂದು ಕುರ್ಚಿಯ ಮೇಲೆ ಕೂರಿಸಿ, ಅದೇ ಮಂಚಕ್ಕೆ ಬಾರ್ಬರಾ ಎಂಬ ಹುಡುಗಿಯನ್ನು ಕರೆತಂದರು. ಇಲಿಯನ್ನು ಮೊದಲಿನಂತೆಯೇ ಒಳಗೆ ಬಿಟ್ಟಾಗ ಅವಳು ಹೆದರಲಿಲ್ಲ, ಅದನ್ನು ಕೈಗೆತ್ತಿಕೊಂಡಳು. ಹುಡುಗ ಕುರ್ಚಿಯ ಮೇಲಿಂದ ಸದ್ದಿಲ್ಲದೆ ನೋಡುತ್ತಿದ್ದ. ಅವನ ಮಣಿಸರವೊಂದು ಮಂಚದಲ್ಲೇ ಉಳಿದುಬಿಟ್ಟಿತ್ತು. ಇಲಿಯ ಮೈ ಆ ಸರಕ್ಕೆ ತಗುಲಿದಾಗಲೆಲ್ಲ ಅವನು ‘ನನ್ನ ಮಣಿ’ ಎಂದು ರಾಗ ಎಳೆಯುತ್ತಿದ್ದ. ಬಾರ್ಬರಾ ಅದೇ ಸರವನ್ನು ಮುಟ್ಟಿದರೆ ಅವನದೇನೂ ತಕರಾರಿರಲಿಲ್ಲ. ಕುರ್ಚಿಯಿಂದ ಇಳಿದು ಬಾ ಎಂದು ಕರೆದರೆ ಬೇಡವೆಂದು ತಲೆಯಾಡಿಸಿದ. ಅವನು ಮತ್ತೆ ಕೋಣೆಯಲ್ಲಿ ನಿರಾಳವಾಗಿ ಓಡಾಡಲು 25 ನಿಮಿಷ ಬೇಕಾಯಿತು.

ಇದು 1920ರ ದಶಕದ ಮೊದಲ ವರ್ಷಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ, ಮನೆಯ ಅಡಚಣೆಗಳಿಂದಾಗಿ ಮಕ್ಕಳನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳುತ್ತಿದ್ದ ಪಾಲನಾ ಸಂಸ್ಥೆಯೊಂದಕ್ಕೆ ಸೇರಿದ ಮಗುವಿನ ಕಥೆ. ಅದನ್ನು ದಾಖಲಿಸಿದವರು ಮೇರಿ ಕವರ್ ಜೋನ್ಸ್. 1919ರಲ್ಲಿ ವಾಸರ್ ಕಾಲೇಜಿನಿಂದ ಪದವಿ ಪಡೆದು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಓದುತ್ತಿದ್ದ ಆಕೆ ಈ ಹುಡುಗನನ್ನು ಪೀಟರ್ ಎಂದು ಕರೆದು 1924ರಲ್ಲಿ ಪ್ರಕಟಿಸಿದ ವರದಿ ಕೆಲವೇ ಪುಟಗಳದ್ದು. ಆದರೂ ಮಕ್ಕಳ ಭಯದ ಚಿಕಿತ್ಸೆಯ ಚರಿತ್ರೆ ಬರೆಯುವವರು ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕಲಿತ ನಡವಳಿಕೆಯನ್ನು ಹೊಸ ಕಲಿಕೆಯಿಂದ ಬದಲಿಸುವ ವರ್ತನ ಚಿಕಿತ್ಸೆಯನ್ನು ಬೆಳೆಸಿದವರಲ್ಲಿ ಪ್ರಮುಖರಾದ ಜೋಸೆಫ್ ವೋಲ್ಪೆ ಮುಂದೆ ಜೋನ್ಸ್ ಅವರನ್ನು ಆ ಚಿಕಿತ್ಸೆಯ ತಾಯಿ ಎಂದೇ ಕರೆದರು. ಪಠ್ಯಪುಸ್ತಕಗಳು ಈ ಪ್ರಕರಣವನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತವೆ: ಮಗುವಿಗೆ ಇಷ್ಟದ ತಿನಿಸು ಕೊಡುತ್ತಾ ಮೊಲವನ್ನು ಹಂತಹಂತವಾಗಿ ಹತ್ತಿರ ತಂದರು, ಭಯ ಹೋಯಿತು. ಆ ಸಾಲು ಸುಳ್ಳಲ್ಲ. ಆದರೆ ತಿನಿಸಿನ ತಟ್ಟೆ ಬರುವುದಕ್ಕೆ ಮುಂಚೆಯೇ ಆ ಕೋಣೆಯಲ್ಲಿ ಬೇರೆ ಮಕ್ಕಳಿದ್ದರು, ಪೀಟರನ ಭಯ ಮೊದಲು ಸಡಿಲಗೊಂಡದ್ದು ಅವರ ನಡುವೆಯೇ ಎಂಬುದನ್ನು ಅದು ಬಿಟ್ಟುಬಿಡುತ್ತದೆ. ಪ್ರಕರಣವನ್ನು ಇಲ್ಲಿ ಆ ಮಕ್ಕಳನ್ನು ಮುಂದಿಟ್ಟುಕೊಂಡು ನೋಡಲಾಗಿದೆ.

ಹಿನ್ನೆಲೆಯಲ್ಲಿ ಇನ್ನೊಂದು ಮಗುವಿದೆ. ಮನೋವಿಜ್ಞಾನಿ ಜಾನ್ ಬಿ. ವಾಟ್ಸನ್ ಮತ್ತು ರೊಸಾಲೀ ರೇನರ್ 1920ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಲ್ಬರ್ಟ್ ಎಂದು ಹೆಸರಿಟ್ಟ ಕೂಸು ಬಿಳಿ ಇಲಿಯನ್ನು ಮುಟ್ಟಲು ಹೋದಾಗಲೆಲ್ಲ ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದು, ಇಲಿ ಕಂಡರೇ ಅಳುವಂತೆ ಮಾಡಲಾಗಿತ್ತು; ಹುಟ್ಟಿಸಿದ ಭಯವನ್ನು ತೆಗೆಯುವ ಮುನ್ನವೇ ಆ ಕೂಸು ಅಲ್ಲಿಂದ ಹೊರಟುಹೋಗಿತ್ತು. ರೇನರ್ ಅವರ ಕಾಲೇಜು ಗೆಳತಿಯಾಗಿದ್ದ ಜೋನ್ಸ್, ವಾಟ್ಸನ್ನರ ಉಪನ್ಯಾಸ ಕೇಳಿ, ಭಯವನ್ನು ಹೀಗೆ ಕಟ್ಟಬಹುದಾದರೆ ಬಿಚ್ಚಲೂ ಬರಬೇಕಲ್ಲವೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಜೋನ್ಸರ ಕಣ್ಣಿಗೆ ಪೀಟರ್ ತುಸು ದೊಡ್ಡವನಾದ ಆಲ್ಬರ್ಟನಂತೆಯೇ ಕಂಡ. ವ್ಯತ್ಯಾಸವೆಂದರೆ, ಅವನ ಭಯ ಯಾರೂ ಪ್ರಯೋಗಕ್ಕಾಗಿ ಹುಟ್ಟಿಸಿದ್ದಲ್ಲ. ಅದು ಮನೆಯಿಂದಲೇ ಬಂದದ್ದು, ಎಲ್ಲಿ ಹೇಗೆ ಶುರುವಾಯಿತೆಂಬುದು ಯಾರಿಗೂ ತಿಳಿಯದು.

ಭಯದ ವ್ಯಾಪ್ತಿಯನ್ನು ಗುರುತಿಸಲು ಜೋನ್ಸ್ ಇಲಿಯ ಪರೀಕ್ಷೆಯ ಮರುದಿನ ಒಂದೊಂದೇ ವಸ್ತುವನ್ನು ಮಗುವಿನ ಮುಂದಿಟ್ಟು ನೋಡಿದರು. ಬಿಳಿ ಚೆಂಡನ್ನು ಉರುಳಿಸಿದರೆ ಎತ್ತಿಕೊಂಡು ಹಿಡಿದುಕೊಂಡ. ತುಪ್ಪುಳಿನ ಹಾಸನ್ನು ಮಂಚದ ಕಟಕಟೆಗೆ ಇಳಿಬಿಟ್ಟರೆ, ತೆಗೆಯುವವರೆಗೂ ಅತ್ತ. ತುಪ್ಪುಳಿನ ಕೋಟಿಗೂ ಅದೇ ಗತಿ. ಹತ್ತಿಯನ್ನು ಕಂಡು ಮುಲುಗುತ್ತಾ ಹಿಂದೆ ಸರಿದ, ಗರಿ ಸಿಕ್ಕಿಸಿದ ಟೋಪಿಗೆ ಅತ್ತ. ಮರದ ಗೊಂಬೆಗೆ, ಒರಟು ಬಟ್ಟೆಯಿಂದ ಮಾಡಿದ ಆಟಿಕೆಯ ಮೊಲಕ್ಕೆ ಹೆದರಲಿಲ್ಲ. ಅಂದರೆ ಬಿಳಿ ಬಣ್ಣವೊಂದೇ ಅವನನ್ನು ಕಾಡುತ್ತಿರಲಿಲ್ಲ, ಮೊಲದ ಆಕಾರವೊಂದೇ ಕೂಡ ಅಲ್ಲ. ಮೆತ್ತಗೆ ರೋಮ ರೋಮವಾಗಿರುವುದರ ಸುತ್ತ ಭಯ ಹಬ್ಬಿತ್ತು. ಇಲಿಗಿಂತ ಜೀವಂತ ಮೊಲವನ್ನು ಕಂಡರೆ ಅವನಿಗೆ ಇನ್ನೂ ಹೆಚ್ಚು ಹೆದರಿಕೆ ಎಂದು ಗೊತ್ತಾದುದರಿಂದ ಮುಂದಿನ ಕೆಲಸಕ್ಕೆ ಮೊಲವನ್ನೇ ಆರಿಸಿಕೊಂಡರು. ಮೊಲದ ಭಯವೊಂದನ್ನು ತೆಗೆದರೆ ಹತ್ತಿ, ಗರಿ, ಕೋಟುಗಳ ಭಯವೂ ಅದರ ಹಿಂದೆಯೇ ಹೋಗುವುದೇ ಎಂಬುದೂ ಅವರ ಪ್ರಶ್ನೆಯಾಗಿತ್ತು.

ಮನೆಯ ಸಂಗತಿಯನ್ನು ವರದಿ ಚುಟುಕಾಗಿ ಹೇಳುತ್ತದೆ, ಆದರೆ ಅಷ್ಟು ಸಾಕು. ಕಿಕ್ಕಿರಿದ ಬಡ ವಸತಿಯಲ್ಲಿ ಒಂದು ಕೋಣೆಯ ಬದುಕು. ತೀರಿಹೋಗಿದ್ದ ಅಕ್ಕ. ಕಣ್ಣೀರಿಲ್ಲದೆ ಒಂದು ಸಣ್ಣ ಮಾತುಕತೆಯನ್ನೂ ಮುಗಿಸಲಾಗದ ತಾಯಿ. ಒಳಗೆ ಬಾ, ಯಾರೋ ನಿನ್ನನ್ನು ಕದ್ದುಕೊಂಡು ಹೋಗುತ್ತಾರೆ ಎಂದು ಆಕೆ ಮಗನನ್ನು ಕರೆಯುತ್ತಿದ್ದಳಂತೆ. ಗುಮ್ಮ ಬಂದ, ಗೋಣಿಚೀಲದವನು ಹಿಡಿದುಕೊಂಡು ಹೋಗುತ್ತಾನೆ ಎಂದು ಹೇಳಿ ಮಗುವಿಗೆ ತುತ್ತು ಉಣಿಸಿದ ನಮಗೆ ಈ ಮಾತು ಅಪರಿಚಿತವೇನಲ್ಲ. ಒಂದು ಮಗುವನ್ನು ಕಳೆದುಕೊಂಡ ತಾಯಿ ಇನ್ನೊಂದನ್ನು ಹೀಗೆ ಬಾಗಿಲೊಳಗೆ ಎಳೆದುಕೊಂಡರೆ ಆಕೆಯನ್ನು ದೂರುವುದು ನನಗೆ ಸರಿಯೆನಿಸುವುದಿಲ್ಲ. ಆದರೆ ದಾಖಲಾದ ಮಟ್ಟಿಗೆ ಈ ಮಗುವಿಗೆ ಮನೆಯಲ್ಲಿ ಸಿಗುತ್ತಿದ್ದ ಮಾದರಿ ಅಂಜಿಕೆಯದ್ದೇ ಆಗಿತ್ತು ಎಂಬುದು ಪ್ರಕರಣಕ್ಕೆ ಸಂಬಂಧಪಟ್ಟ ಮಾತು.

ಪೀಟರನ ಚಿಕಿತ್ಸೆಯನ್ನು ಅರ್ಥಮಾಡಿಕೊಳ್ಳಲು ಜೋನ್ಸ್ ಅದೇ ವರ್ಷ ಪ್ರಕಟಿಸಿದ ಇನ್ನೊಂದು ವರದಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. 3 ತಿಂಗಳ ಕೂಸುಗಳಿಂದ 7 ವರ್ಷದವರವರೆಗಿನ ಸುಮಾರು 70 ಮಕ್ಕಳನ್ನು ಗಮನಿಸಿ, ಮನೆಮನೆಗಳಲ್ಲಿ ಹಿರಿಯರು ಅನುಸರಿಸುವ ಉಪಾಯಗಳನ್ನೇ ಅವರು ಒರೆಗೆ ಹಚ್ಚಿದ್ದರು. ಕಾಲ ಕಳೆದಂತೆ ತಾನೇ ಹೋಗುತ್ತದೆ ಎಂದು ಬಿಟ್ಟರೆ ಭಯ ಹೋಗುವುದಿಲ್ಲವೆಂದು ಕಂಡಿತು. ಮಾತಿನಿಂದ ಧೈರ್ಯ ಹೇಳುವುದರ ಫಲ ಇನ್ನೂ ವಿಚಿತ್ರವಾಗಿತ್ತು: ನಾಲ್ಕು ದಾಟಿದ ಒಬ್ಬ ಹುಡುಗಿಯೊಡನೆ ದಿನವೂ ಮೊಲದ ಕಥೆ, ಮೊಲದ ಚಿತ್ರಗಳ ಮಾತಾಡಿದಾಗ ಅವಳು ಉತ್ಸಾಹದಿಂದ ಪಾಲ್ಗೊಂಡು, ತಾನು ಮೊಲವನ್ನು ಮುಟ್ಟಿ ಸವರಿದೆನೆಂದೂ ಕಲ್ಪಿಸಿಕೊಂಡು ಹೇಳಿದಳು, ನಿಜವಾದ ಮೊಲ ಎದುರಿಗೆ ಬಂದಾಗ ಹೆದರಿಕೆ ಇದ್ದಲ್ಲೇ ಇತ್ತು.

ಓರಗೆಯವರ ವಿಷಯಕ್ಕೆ ಬಂದರೆ, ಈ ವರದಿಯ ಮೂರು ಪುಟ್ಟ ದೃಶ್ಯಗಳು ಪೀಟರನ ಪ್ರಕರಣಕ್ಕೆ ಕೀಲಿಕೈಯಂತಿವೆ. ಮೊದಲನೆಯದು ಆರ್ಥರ್ ಎಂಬವನದು. ಗಾಜಿನ ತೊಟ್ಟಿಯಲ್ಲಿದ್ದ ಕಪ್ಪೆಗಳನ್ನು ಒಬ್ಬನೇ ನೋಡಿದಾಗ ಅವು ಕಚ್ಚುತ್ತವೆಂದು ಅತ್ತು ಓಡಿದ್ದ ಅವನು, ಇನ್ನು ನಾಲ್ವರು ಹುಡುಗರ ಜೊತೆ ಬಂದಾಗ ಎಲ್ಲರಿಗಿಂತ ಮುಂದೆ ನುಗ್ಗಿ, ಎದೆಯುಬ್ಬಿಸಿ ತೊಟ್ಟಿಯ ಬಳಿ ನಿಂತ. ಅವರಲ್ಲೊಬ್ಬ ಕಪ್ಪೆಯನ್ನು ಹಿಡಿದೆತ್ತಿ ಅವನತ್ತ ತಿರುಗಿದ್ದೇ ತಡ, ಚೀರಿ ಓಟ ಕಿತ್ತ. ಉಳಿದವರು ಅಟ್ಟಿಸಿಕೊಂಡು ಹೋಗಿ ಗೇಲಿ ಮಾಡಿದರು. ಭಯ ಕಿಂಚಿತ್ತೂ ಕಡಿಮೆಯಾಗಲಿಲ್ಲ. ಎರಡನೆಯದು ಬಾಬಿ ಎಂಬವನದು: ಬುಟ್ಟಿಯಲ್ಲಿ ಮೊಲ ಬಂದಾಗ ಬೇಡ ಬೇಡವೆಂದು ಅತ್ತವನು, ಜೊತೆಗಿದ್ದ ಇಬ್ಬರು ಮಕ್ಕಳು ಓಡಿಹೋಗಿ ಬಗ್ಗಿ ನೋಡುತ್ತಾ ಸಂಭ್ರಮದಿಂದ ಮಾತಾಡುವುದನ್ನು ಕಂಡು, ಏನು, ನಾನೂ ನೋಡಬೇಕು ಎಂದು ತಾನೇ ಮುಂದೆ ಓಡಿದ. ಮೂರನೆಯದು ಇದಕ್ಕೆ ತದ್ವಿರುದ್ಧ. ಎರಡು ವರ್ಷವೂ ತುಂಬದ ವಿನ್ಸೆಂಟ್, ಮೊಲವನ್ನು ಮುಖಕ್ಕೆ ಹಿಡಿದರೂ ನಕ್ಕು ಅದರ ರೋಮಕ್ಕೆ ಕೈಚಾಚುತ್ತಿದ್ದವನು, ಅದೇ ದಿನ ಮೊಲವನ್ನು ಕಂಡು ಅಳುವ ಇನ್ನೊಂದು ಮಗುವಿನ ಜೊತೆಯಲ್ಲಿದ್ದಾಗ ತಾನೂ ಹೆದರಿದ. ಆ ಭಯ ಎರಡು ವಾರಗಳಿಗೂ ಮೀರಿ ಉಳಿಯಿತು. ಆಟದ ಕೋಣೆಯಲ್ಲಿ ಬೇರೆ ಹೊತ್ತಿನಲ್ಲಿ ಆ ಮಗು ಅತ್ತರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ ಎಂದು ಜೋನ್ಸ್ ಗಮನಿಸಿ ಬರೆದಿದ್ದಾರೆ. ಅಳು ಅಂಟಿಕೊಂಡದ್ದು ಮೊಲದ ಜೊತೆಗೆ ಕೂಡಿಬಂದಾಗ ಮಾತ್ರ.

ಓರಗೆಯ ಮಕ್ಕಳು ಧೈರ್ಯವನ್ನೂ ದಾಟಿಸಬಲ್ಲರು, ಭಯವನ್ನೂ ದಾಟಿಸಬಲ್ಲರು, ಗೇಲಿಯಿಂದ ಇದ್ದ ಭಯವನ್ನು ಇದ್ದಲ್ಲೇ ಉಳಿಸಬಲ್ಲರು. ಮಕ್ಕಳ ಜೊತೆ ಬಿಟ್ಟರೆ ಪುಕ್ಕಲುತನ ತಾನಾಗಿ ಹೋಗುತ್ತದೆ ಎಂದು ಹೇಳುವವರು ಮೂರರಲ್ಲಿ ಒಂದನ್ನಷ್ಟೇ ನೋಡಿರುತ್ತಾರೆ. ಜೋನ್ಸ್ ಮೂರನ್ನೂ ನೋಡಿದ್ದುದರಿಂದಲೇ ಪೀಟರನ ಜೊತೆಗೆ ಕರೆತರುವ ಮಕ್ಕಳನ್ನು ಸಿಕ್ಕಸಿಕ್ಕಂತೆ ಕರೆತರಲಿಲ್ಲ. ಮೊಲದ ಬಗ್ಗೆ ಲವಲೇಶವೂ ಹೆದರಿಕೆಯಿಲ್ಲದ, ಒಟ್ಟಾರೆ ನಡವಳಿಕೆಯಲ್ಲೂ ಹೊಂದಿಕೊಂಡು ಹೋಗುವ ಮೂವರು ಮಕ್ಕಳನ್ನು ಆರಿಸಿ, ದಿನವೂ ನಾಲ್ವರನ್ನೂ ಒಟ್ಟಿಗೆ ಆಟಕ್ಕೆ ಬಿಟ್ಟರು. ಆಟದ ಹೊತ್ತಿನ ಒಂದು ಭಾಗದಲ್ಲಿ ಮೊಲವೂ ಅಲ್ಲಿರುತ್ತಿತ್ತು. ಪ್ರಗತಿಯನ್ನು ಅಳೆಯಲು ಆಗೀಗ ಪೀಟರನನ್ನು ಒಬ್ಬನನ್ನೇ ಕರೆತರುತ್ತಿದ್ದರು.

ಹೀಗೆ ಒಬ್ಬರಿಂದೊಬ್ಬರಿಗೆ ದಾಟುವುದು ಕಣ್ಣಿಗೆ ಕಾಣುವಂತೆ ದಾಖಲಾದ ಒಂದು ಗಳಿಗೆಯಿದೆ. ಪೀಟರ್ ಮತ್ತು ಲಾರೆನ್ಸ್ ಅಕ್ಕಪಕ್ಕದಲ್ಲಿ, ಮಕ್ಕಳ ಎತ್ತರದ ಕುರ್ಚಿಗಳಲ್ಲಿ ಕುಳಿತು ಮಿಠಾಯಿ ತಿನ್ನುತ್ತಿದ್ದರು. ಪಂಜರದಲ್ಲಿದ್ದ ಮೊಲವನ್ನು 12 ಅಡಿ ದೂರದಲ್ಲಿ ತಂದಿಟ್ಟರು. ಪೀಟರ್ ಅಳಲು ಶುರುಮಾಡಿದ. ಲಾರೆನ್ಸ್ ಮಾತ್ರ, ಓ ಮೊಲ ಎಂದವನೇ ಕುರ್ಚಿಯಿಂದ ತೆವಳಿಕೊಂಡು ಇಳಿದು, ಪಂಜರದ ಹತ್ತಿರ ಓಡಿ, ಒಳಗೆ ಇಣುಕಿದ. ಪೀಟರ್ ಅವನ ಬೆನ್ನಿಗೇ ಹೋಗಿ ನಿಂತು ನೋಡಿದ. ಕೋಣೆಯಲ್ಲಿ ಮಿಠಾಯಿ ಇತ್ತು ನಿಜ, ಅದು ಬಾಯಲ್ಲೇ ಇತ್ತು; ಆದರೂ ಅವನು ಅತ್ತ. ಅವನನ್ನು ಕುರ್ಚಿಯಿಂದ ಇಳಿಸಿದ್ದು ಮಿಠಾಯಿಯಲ್ಲ, ಲಾರೆನ್ಸನ ಬೆನ್ನು. ಲಾರೆನ್ಸ್ ಅವನಿಗೆ ಹೆದರಬೇಡ ಎನ್ನಲಿಲ್ಲ, ಅವನ ಕಡೆ ನೋಡಿದನೆಂದೂ ವರದಿಯಲ್ಲಿಲ್ಲ. ತನಗೆ ಮೊಲ ನೋಡಬೇಕೆನಿಸಿತು, ಹೋದ ಅಷ್ಟೆ. ಧೈರ್ಯ ತುಂಬಲೆಂದು ದೊಡ್ಡವರು ನಡೆಸುವ ಪ್ರದರ್ಶನಕ್ಕೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು.

ಪೀಟರನ ಸಹನೆಯ ಮಟ್ಟವನ್ನು ಜೋನ್ಸ್ 17 ಮೆಟ್ಟಿಲುಗಳ ಏಣಿಯಾಗಿ ಬರೆದರು. ಕೋಣೆಯ ಯಾವ ಮೂಲೆಯಲ್ಲಿ ಪಂಜರದ ಮೊಲವಿದ್ದರೂ ಭಯ ಎಂಬುದು ಕೆಳಗಿನ ಮೆಟ್ಟಿಲು. ಆಮೇಲೆ 12 ಅಡಿ, 4 ಅಡಿ, 3 ಅಡಿ, ಪಂಜರದ ಪಕ್ಕ. ಆಮೇಲೆ ಪಂಜರದಿಂದ ಬಿಟ್ಟ ಮೊಲ, ಬೇರೆಯವರು ಹಿಡಿದಿರುವಾಗ ಮುಟ್ಟುವುದು, ಬಿಡುವಾಗಿ ಓಡಾಡುವಾಗ ಮುಟ್ಟುವುದು. ಮೇಲಿನ ಮೆಟ್ಟಿಲುಗಳಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಕೋಣೆಯಲ್ಲಿ ಮೊಲದೊಡನೆ ಒಬ್ಬನೇ ಇರುವುದು, ಕೊನೆಗೆ ಅದು ತನ್ನ ಬೆರಳನ್ನು ಮೆಲ್ಲಗೆ ಕಡಿಯಲು ಬಿಡುವುದು. ನಡುವೆ ಒಂದು ವಿಚಿತ್ರ ಮೆಟ್ಟಿಲಿದೆ: ಮೊಲದ ಮೇಲೆ ಉಗುಳುವುದು, ಅದರತ್ತ ಸಾಮಾನು ಎಸೆಯುವುದು, ಅದನ್ನು ಅಣಕಿಸುವುದು. ಮಗುವನ್ನು ಒಳ್ಳೆಯವನನ್ನಾಗಿ ಮಾಡಹೊರಟವರು ಇದನ್ನು ತಪ್ಪೆಂದು ಗದರಿಸುತ್ತಿದ್ದರು. ಜೋನ್ಸ್ ಇದನ್ನು ಮುಟ್ಟುವುದಕ್ಕಿಂತ ಮೇಲಿನ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುವುದಕ್ಕಿಂತ ಕೆಳಗಿನ ಮೆಟ್ಟಿಲಾಗಿ ಬರೆದುಕೊಂಡರು. ನಿನ್ನೆಯವರೆಗೆ ಕಂಡು ಓಡುತ್ತಿದ್ದುದಕ್ಕೆ ಇಂದು ಎದುರು ನಿಂತಿದ್ದಾನೆ ಎಂಬುದನ್ನಷ್ಟೇ ಅವರು ಅದರಲ್ಲಿ ಕಂಡಂತಿದೆ. ಈ ಏಣಿ ಸಮಾನ ಅಂತರದ್ದಲ್ಲ, ನಡುವೆ ನಿಂತ ನೀರಿನಂಥ ದಿನಗಳೂ ಜಾರಿ ಬಿದ್ದ ದಿನಗಳೂ ಇದ್ದವೆಂದೂ ಅವರೇ ಎಚ್ಚರಿಸುತ್ತಾರೆ. ಹೀಗೆ ಮಕ್ಕಳ ಜೊತೆಗಿನ ಆಟದ ಹಂತದಲ್ಲೇ ಪೀಟರ್ ಕಡು ಭಯದಿಂದ ಶಾಂತವಾದ ಅಲಕ್ಷ್ಯಕ್ಕೆ ಬಂದು, ಬೇರೆಯವರು ಮುಟ್ಟುವುದನ್ನು ನೋಡಿ ತಾನೂ ಮೊಲದ ಬೆನ್ನು ತಟ್ಟುವವರೆಗೆ ಏರಿದ್ದ.

ಆಗ ಅವನಿಗೆ ಸ್ಕಾರ್ಲೆಟ್ ಜ್ವರ ಬಂದು ಆಸ್ಪತ್ರೆ ಸೇರಬೇಕಾಯಿತು. ಎರಡು ತಿಂಗಳು ಪ್ರಯೋಗಾಲಯಕ್ಕೆ ಬರಲಿಲ್ಲ. ಆಸ್ಪತ್ರೆಯಿಂದ ಹೊರಟ ದಿನ, ದಾದಿಯೊಡನೆ ಟ್ಯಾಕ್ಸಿ ಹತ್ತುತ್ತಿರುವಾಗ ದೊಡ್ಡ ನಾಯಿಯೊಂದು ಓಡಿಬಂದು ಅವರ ಮೇಲೆ ಹಾರಿತು. ಇಬ್ಬರೂ ಬೆದರಿದರು; ಹುಡುಗ ಬಿಳಿಚಿಕೊಂಡು ಟ್ಯಾಕ್ಸಿಯಲ್ಲಿ ಮಾತಿಲ್ಲದೆ ಒರಗಿಬಿಟ್ಟ, ಅವನನ್ನು ಆಸ್ಪತ್ರೆಗೇ ವಾಪಸು ಕರೆದೊಯ್ಯಲೇ ಎಂದು ದಾದಿ ಯೋಚಿಸುವಷ್ಟು. ಪ್ರಯೋಗಾಲಯಕ್ಕೆ ಮರಳಿದಾಗ ಮೊಲದ ಭಯ ಮೊದಲಿದ್ದಲ್ಲಿಗೇ ಬಂದು ನಿಂತಿತ್ತು. ಕಾಯಿಲೆಯಿಂದ ಎದ್ದ ದೇಹ, ಗೊತ್ತಿಲ್ಲದ ಜಾಗ, ಮೇಲೆ ಹಾರಿದ ಪ್ರಾಣಿ, ಜೊತೆಗಿದ್ದ ದೊಡ್ಡವರೂ ಹೆದರಿದ್ದು, ಇಷ್ಟೂ ಕೂಡಿದ ಸನ್ನಿವೇಶಕ್ಕೆ ತಮ್ಮ ತರಬೇತಿ ತಡೆಯೊಡ್ಡಲು ಸಾಧ್ಯವಿರಲಿಲ್ಲವೆಂದು ಜೋನ್ಸ್ ಬರೆಯುತ್ತಾರೆ. ವಿನ್ಸೆಂಟನಿಗೆ ಆದದ್ದೇ ಇಲ್ಲಿಯೂ ಆಯಿತು: ಪಕ್ಕದವರ ಅಂಜಿಕೆ ಅಂಟಿತು. ಈ ಬಾರಿ ಅಂಟಿಸಿದವರು ಮಗುವಲ್ಲ, ಮಗುವನ್ನು ಕಾಯಬೇಕಾದವರು.

ತಿನಿಸು ಮುಖ್ಯ ಉಪಾಯವಾಗಿ ಬಂದದ್ದು ಇದಾದ ಮೇಲೆ. ಪೀಟರನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಇಷ್ಟದ ತಿನಿಸು ಕೊಟ್ಟು, ಅವನು ತಿನ್ನುವುದಕ್ಕೆ ಅಡ್ಡಿಯಾಗದಷ್ಟು ದೂರದಲ್ಲಿ ತಂತಿಯ ಪಂಜರವನ್ನಿಟ್ಟು, ದಿನದಿನಕ್ಕೆ ಹತ್ತಿರ ತರುವ ಈ ವಿಧಾನವನ್ನು ನೇರ ಅನುಬಂಧನವೆಂದು, ಅಂದರೆ ಹೆದರಿಕೆಯ ವಸ್ತುವಿನ ಜೊತೆಗೆ ಹಿತವಾದುದನ್ನು ಕೂಡಿಸುವುದೆಂದು, ಕರೆದರು. ಇದು ನಾಜೂಕಿನ ಕೆಲಸವೆಂಬ ಅರಿವು ಅವರಿಗಿತ್ತು. ಕೈ ತಪ್ಪಿದರೆ ತಿನಿಸಿನ ಸುಖ ಮೊಲಕ್ಕೆ ಅಂಟುವ ಬದಲು ಮೊಲದ ಭಯ ತಿನಿಸಿಗೆ ಅಂಟಿಕೊಂಡೀತೆಂದು ಅವರೇ ಎಚ್ಚರಿಸಿದ್ದಾರೆ. ಈ ಹಂತದಲ್ಲೂ ಸಾಧ್ಯವಾದಾಗಲೆಲ್ಲ ಬೇರೆ ಮಕ್ಕಳನ್ನು ಕರೆತರುತ್ತಿದ್ದರು ಎಂಬುದು ವರದಿಯಲ್ಲೇ ಇದೆ. ಒಂದು ಸಾಲಿನ ಪಠ್ಯಪುಸ್ತಕದ ಆವೃತ್ತಿಯಲ್ಲಿ ಮೊದಲು ಬಿದ್ದುಹೋಗುವುದು ಅದೇ. ಪೀಟರನಿಗೆ ಬಹಳ ಹಿಡಿಸಿದ್ದ, ಅವನು ಅಪ್ಪ ಎಂದು ಕರೆಯುತ್ತಿದ್ದ ಒಬ್ಬ ಸಹಾಯಕ ಕೋಣೆಯಲ್ಲಿದ್ದ ದಿನ ಪ್ರಗತಿ ಚೆನ್ನಾಗಿತ್ತೆಂದೂ, ಆತ ಏನೂ ಹೇಳದಿದ್ದರೂ ಅವನ ಇರವೇ ಮಗುವಿಗೆ ನೆಮ್ಮದಿ ಕೊಟ್ಟಿರಬಹುದೆಂದೂ ಜೋನ್ಸ್ ಟಿಪ್ಪಣಿ ಮಾಡಿದ್ದಾರೆ.

ಕೊನೆಯ ಭೇಟಿಯ ಹೊತ್ತಿಗೆ ಮೊಲದ ಮೇಲೆ ನಿಜವಾದ ಅಕ್ಕರೆ ಕಾಣುತ್ತಿತ್ತು. ಹತ್ತಿ, ಕೋಟು, ಗರಿಗಳ ಭಯ ಪೂರ್ತಿ ಹೋಗಿತ್ತು. ಇಲಿ ಮತ್ತು ತುಪ್ಪುಳಿನ ಹಾಸಿನ ವಿಷಯದಲ್ಲೂ ಸುಧಾರಣೆಯಿತ್ತು. ಹಿಂದೆ ಕಾಣದ ಪ್ರಾಣಿಗಳೆದುರು ಏನು ಮಾಡುತ್ತಾನೆಂದು ನೋಡಲು ಬಿಳಿ ಇಲಿಗಿಂತ ಬೇರೆ ಜಾತಿಯ ಒಂದು ಚಿಕ್ಕ ಇಲಿಯನ್ನೂ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿದ್ದ ಎರೆಹುಳುಗಳ ಗುಪ್ಪೆಯನ್ನೂ ಮುಂದಿಟ್ಟರು. ಮೊದಲು ಸ್ವಲ್ಪ ಹಿಂಜರಿದವನು, ಕೆಲವೇ ನಿಮಿಷಗಳಲ್ಲಿ ಎರೆಹುಳುಗಳಿಗೆ ಚಾಕೊಲೇಟ್ ಕೊಡಲು ಹೋಗುತ್ತಿದ್ದ, ಇಲಿಯನ್ನು ಎತ್ತಿಕೊಂಡು ಓಡಾಡುತ್ತಿದ್ದ.

ಹಾಗಾದರೆ ಭಯವನ್ನು ಕಳೆದದ್ದು ಯಾವುದು? ಈ ಪ್ರಕರಣವೊಂದರಿಂದಲೇ ಅದನ್ನು ಬಿಡಿಸಿ ಹೇಳಲು ಬರುವುದಿಲ್ಲ. ಮಕ್ಕಳು, ಮಿಠಾಯಿ, ಅಕ್ಕರೆಯ ಸಹಾಯಕ, ಮೊಲವನ್ನು ಪದೇಪದೇ ಕಂಡೂ ಏನೂ ಕೆಡುಕಾಗದಿರುವುದು, ಎಲ್ಲವೂ ಒಂದೇ ಮಗುವಿನಲ್ಲಿ ಹೆಣೆದುಕೊಂಡಿವೆ. ಹೋಲಿಸಿ ನೋಡಲು ಇನ್ನೊಬ್ಬ ಪೀಟರ್ ಇಲ್ಲ. 70 ಮಕ್ಕಳ ವರದಿಯಲ್ಲಿ ನಿಸ್ಸಂದೇಹವಾಗಿ ಫಲಕಾರಿಯೆಂದು ಜೋನ್ಸ್ ಎತ್ತಿಹಿಡಿದದ್ದು ಎರಡೇ ಉಪಾಯಗಳನ್ನು: ತಿನಿಸಿನ ಅನುಬಂಧನ ಮತ್ತು ಓರಗೆಯವರ ಅನುಕರಣೆ. ಎರಡರಲ್ಲಿ ಮೊದಲನೆಯದಕ್ಕೆ ಮಾತ್ರ ಹೆಸರು ಬರಲು ಕಾರಣ ವಾಟ್ಸನ್ನರ ಕಾಲದ ಸಿದ್ಧಾಂತವೆಂದು ನನಗನಿಸುತ್ತದೆ. ಪ್ರಚೋದನೆ ಮತ್ತು ಪ್ರತಿಕ್ರಿಯೆಗಳ ಲೆಕ್ಕದಲ್ಲಿ ಮಿಠಾಯಿ ಸಲೀಸಾಗಿ ಕೂತುಕೊಳ್ಳುತ್ತದೆ, ಲಾರೆನ್ಸ್ ಕೂರುವುದಿಲ್ಲ.

ಎರಡನ್ನೂ ಬೇರ್ಪಡಿಸಿ ನೋಡುವ ಪ್ರಯೋಗ ನಡೆದದ್ದು 1967ರಲ್ಲಿ. ಆಲ್ಬರ್ಟ್ ಬಂಡೂರಾ, ಜೋನ್ ಗ್ರೂಸೆಕ್ ಮತ್ತು ಫ್ರಾನ್ಸಿಸ್ ಮೆನ್ಲವ್ ಅವರು ನಾಯಿಗೆ ಹೆದರುವ 3ರಿಂದ 5 ವರ್ಷದ 48 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪು ಪಾರ್ಟಿಯ ಸಂಭ್ರಮದ ನಡುವೆ, ಇನ್ನೊಂದು ಯಾವ ಸಂಭ್ರಮವೂ ಇಲ್ಲದೆ, ಒಬ್ಬ 4 ವರ್ಷದ ಹುಡುಗ ನಾಯಿಯೊಡನೆ ದಿನದಿನಕ್ಕೆ ಹೆಚ್ಚು ಸಲಿಗೆಯಿಂದ ಆಡುವುದನ್ನು ನಾಲ್ಕು ದಿನಗಳಲ್ಲಿ ಎಂಟು ಬಾರಿ ನೋಡಿತು. ಮೂರನೆಯದಕ್ಕೆ ಪಾರ್ಟಿಯೂ ನಾಯಿಯೂ ಇದ್ದವು, ಆ ಹುಡುಗನಿರಲಿಲ್ಲ. ನಾಲ್ಕನೆಯದಕ್ಕೆ ಬರೀ ಪಾರ್ಟಿ. ಹುಡುಗನನ್ನು ನೋಡಿದ ಮಕ್ಕಳಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಕೊನೆಗೆ ಆಟದ ಕಟಕಟೆಯೊಳಗೆ ನಾಯಿಯೊಡನೆ ಒಬ್ಬರೇ ಇರಬಲ್ಲವರಾದರು. ಪಾರ್ಟಿ ಇದ್ದುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ನಾಲ್ಕು ದಶಕಗಳ ಹಿಂದೆ ಎತ್ತರದ ಕುರ್ಚಿಯಿಂದ ಇಳಿದು ಪಂಜರದತ್ತ ಓಡಿದ ಲಾರೆನ್ಸನ ಕೆಲಸವನ್ನೇ ಇಲ್ಲಿ ಆ ಹುಡುಗ ಮಾಡಿದ್ದ.

ಮಗು ಹೆದರುವುದು ಮೊಲಕ್ಕಲ್ಲ, ಉಳಿದ ಮಕ್ಕಳಿಗೇ ಆದರೆ ಪೀಟರನ ಪ್ರಕರಣ ಎಷ್ಟು ದೂರ ಬರುತ್ತದೆ? ಸಾಮಾಜಿಕ ಆತಂಕದ ಮಕ್ಕಳಲ್ಲಿ ಓರಗೆಯವರು ಔಷಧವೂ ಹೌದು, ಭಯದ ವಸ್ತುವೂ ಹೌದು. ವಿಂಡಲ್ ಫರ್ಮನ್, ಡೊನಾಲ್ಡ್ ರಾಹೆ ಮತ್ತು ವಿಲಾರ್ಡ್ ಹಾರ್ಟಪ್ 1979ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರದ್ದು. ಗುಂಪಿನಿಂದ ದೂರ ಉಳಿಯುವ 24 ಪುಟ್ಟ ಮಕ್ಕಳಲ್ಲಿ ಕೆಲವರನ್ನು ತಮಗಿಂತ ಚಿಕ್ಕ ಮಗುವಿನೊಡನೆ, ಕೆಲವರನ್ನು ಸಮವಯಸ್ಕರೊಡನೆ ಜೋಡಿಯಾಗಿ 10 ಬಾರಿ ಆಡಲು ಬಿಟ್ಟು, ಉಳಿದವರನ್ನು ಹೋಲಿಕೆಗಾಗಿ ಹಾಗೆಯೇ ಇರಿಸಿದರು. ತರಗತಿಯಲ್ಲಿ ಬೇರೆಯವರೊಡನೆ ಬೆರೆಯುವುದು ಹೆಚ್ಚು ಬೆಳೆದದ್ದು ಚಿಕ್ಕವರ ಜೋಡಿ ಸಿಕ್ಕ ಮಕ್ಕಳಲ್ಲಿ. ಅವರಿಗೆ ಆಟವನ್ನು ತಾವೇ ಮುಂದಾಗಿ ಶುರುಮಾಡಿ ಗೆಲ್ಲುವ ಅವಕಾಶ ಸಿಕ್ಕಿತ್ತು. ಜೋನ್ಸರ ಏಣಿಯ ಭಾಷೆಯಲ್ಲಿ ಹೇಳುವುದಾದರೆ, ಚಿಕ್ಕ ಮಗು 12 ಅಡಿ ದೂರದ ಪಂಜರದ ಮೊಲ. ಇಡೀ ತರಗತಿ ಬಿಡುವಾಗಿ ಓಡಾಡುವ ಮೊಲ. ಅಂಜುವ ಮಗುವನ್ನು ಮೊದಲ ದಿನವೇ ಶಾಲಾ ವಾರ್ಷಿಕೋತ್ಸವದ ವೇದಿಕೆ ಹತ್ತಿಸುವವರು ನಡುವಿನ ಮೆಟ್ಟಿಲುಗಳನ್ನೆಲ್ಲ ಹಾರಿಸಿ ಮೇಲಿನದರಲ್ಲಿ ನಿಲ್ಲಿಸುತ್ತಿದ್ದಾರೆ. ಮಗು ಅತ್ತಾಗ ಸಭೆ ನಕ್ಕರೆ ಅದು ಆರ್ಥರನ ಕಪ್ಪೆಯ ಕಥೆ.

ಪ್ರಕರಣದ ಕೊನೆಯ ಭಾಗ ಅಷ್ಟು ನೆಮ್ಮದಿಯದಲ್ಲ. ಪಾಲನಾ ಸಂಸ್ಥೆಯ ಮಗುವೊಂದನ್ನು ಬೇಕೆಂದೇ ಬೆದರಿಸಿ ನೋಡುವ ಮೊದಲ ದಿನದ ಪರೀಕ್ಷೆಯನ್ನು ಇಂದು ಯಾವ ನೀತಿ ಸಮಿತಿಯೂ ಹಾಗೆಯೇ ಒಪ್ಪುವುದಿಲ್ಲ. ಭಯದ ಮೂಲ ತಿಳಿಯಲಿಲ್ಲ. ನಾಯಿಯ ಭಯವನ್ನು ಯಾರೂ ಪ್ರತ್ಯೇಕವಾಗಿ ಕೈಗೆತ್ತಿಕೊಂಡಂತೆ ಕಾಣುವುದಿಲ್ಲ. ಪೀಟರ್ ಮರಳಿದ್ದು ಅದೇ ಕಿಕ್ಕಿರಿದ ವಸತಿಗೆ, ಅದೇ ಒಂದು ಕೋಣೆಗೆ, ಯಾರೋ ಕದ್ದೊಯ್ಯುತ್ತಾರೆ ಎನ್ನುವ ಅದೇ ತಾಯಿಯ ಬಳಿಗೆ. ಆ ಮನೆಯ ಪರಿಸ್ಥಿತಿ ಕಷ್ಟದ್ದೆಂದು ಒಪ್ಪಿಕೊಂಡೇ, ಅವನೊಡನೆ ತಾವು ಇನ್ನೂ ಸಂಪರ್ಕದಲ್ಲಿದ್ದೇವೆಂದು ಜೋನ್ಸ್ 1924ರಲ್ಲಿ ಬರೆದರು.